ಹೊರಗಿನ ಅಂಚು

ನಾಲ್ಕೂ ಮುಕ್ಕಾಲಿಗೆ ಲಷ್ಕರ್ ಮೊಹಲ್ಲಾ ಬಿಟ್ಟಾಗ
ಬೇಕರಿಯಲ್ಲಿ ಬನ್ನಿನ ವಾಸನೆ ಮಾತ್ರ ಎದ್ದಿತ್ತು.
ವಾರವಿಡೀ ಎಕ್ಸ್‌ರೇ ಕೋಣೆಯ ಕತ್ತಲಲ್ಲಿ
ಬೇರೆಯವರ ಮೊಣಕಾಲು ನೋಡುವವಳು ನಾನು;
ಭಾನುವಾರ ನನ್ನವೆರಡನ್ನು ಹೊರಗೆ ತರುತ್ತೇನೆ.

ಜಬ್ಬಾರ್ ಹೊಸ ಚೈನು ಹಾಕಿಕೊಟ್ಟಿದ್ದ.
"ಗೇರು ಸರಿ ಇದೆ ಮೇಡಂ, ಬ್ರೇಕೂ ಸರಿ.
ಮಿಕ್ಕಿದ್ದು ನಿಮ್ಮ ಪಾರ್ಟು."

ಶ್ರೀರಂಗಪಟ್ಟಣದ ತನಕ ರಸ್ತೆ ಲೆಕ್ಕಕ್ಕಿಲ್ಲ.
ಸೇತುವೆಯ ಮೇಲೆ ಹೊಳೆಯ ಗಾಳಿ
ಮುಂಗೈ ಕೂದಲನ್ನು ಒಂದೊಂದಾಗಿ ಎಣಿಸಿತು.
ಪಾಂಡವಪುರದ ನಾಲೆ ದಾಟಿದರೆ
ಕಬ್ಬಿನ ಟ್ರ್ಯಾಕ್ಟರು ಉದುರಿಸಿಹೋದ ಜಲ್ಲೆಗಳು.
ಅವುಗಳ ಮೇಲೆ ಗಾಲಿ ಹಾಯಿಸಬಾರದು:
ಬಿದ್ದು ಕಲಿತ ಪಾಠ,
ಎಡ ಮೊಣಕೈಯಲ್ಲಿ ಇನ್ನೂ ಬರೆದಿದೆ.

ತೊಣ್ಣೂರು ಕೆರೆಯ ದಾರಿ ಕಳೆದ ಮೇಲೆ
ನೆಲ ಸುಳ್ಳು ಹೇಳಲು ಶುರು ಮಾಡುತ್ತದೆ.
ಕಣ್ಣಿಗೆ ಸಮ, ಕಾಲಿಗೆ ಏರು.
ಕಾರಲ್ಲಿ ನೂರು ಸಲ ಬಂದವರಿಗೂ ಸಿಗದ ಏರು
ಮೊದಲು ಉಸಿರಿಗೆ ತಿಳಿದು
ಆಮೇಲೆ ತಲೆಗೆ ಹೇಳಿಕಳಿಸುತ್ತದೆ.

ಮುಂದೆ ಹೇಗೆ ಅಂತ ಕೇಳಿದೆ.
ಹಾಲಿನ ಕ್ಯಾನು ಕಟ್ಟಿದ ಮೋಪೆಡ್ಡಿನವನು
"ಏನಿಲ್ಲ ಕಣಕ್ಕ, ಸಪಾಟು" ಅಂದ.
ಪೆಟ್ರೋಲಿಗೆ ಎಲ್ಲಾ ಸಪಾಟು.
ಡೇರಿ ಮುಂದಿನ ಹೆಂಗಸು "ಒಂಚೂರು ದಿಣ್ಣೆ" ಅಂದಳು;
ಆ ಒಂಚೂರು ಎರಡು ಮೈಲಿ ಉದ್ದವಿತ್ತು.

ಜಕ್ಕನಹಳ್ಳಿಯ ಟೀ ಅಂಗಡಿ ಬೆಂಚಿನ ತುದಿಗೆ
ಕೂತಿದ್ದವನು ನನ್ನ ಮುಖ ನೋಡಲಿಲ್ಲ,
ಎದ್ದು ಬಂದು ಟೈರು ಹಿಚುಕಿದ.
"ಇಷ್ಟು ಸಣ್ಣಕ್ಕಿದ್ರೆ ಕಲ್ಲು ಕಚ್ಚಾಕಿಲ್ವಾ?"
ಹೆಸರು ಸೋಡಾ ಮಂಚಯ್ಯನಂತೆ.
ಹದಿನೇಳು ವರ್ಷ, ಗೇರಿಲ್ಲದ ಸೈಕಲ್ಲಿಗೆ
ಎರಡು ಡಜನ್ ಗೋಲಿಸೋಡಾ ಕಟ್ಟಿ
ದಿನಾ ಮೇಲುಕೋಟೆ ಹತ್ತಿದವನು.

"ಸೀಸೆ ಸದ್ದು ಕೇಳ್ಕಂಡು ತುಳೀಬೇಕು ಕಣವ್ವ.
ಗಲಗಲ ಅಂದ್ರೆ ಆತುರಕ್ಕೆ ಬಿದ್ದೆ ಅಂತ.
ಟಿಣ್... ಟಿಣ್... ಅಂತಿದ್ರೆ ಗೆದ್ದೆ."

ಬೆಂಚಿನ ಮೇಲೆ ಚೆಲ್ಲಿದ್ದ ಟೀಯಲ್ಲಿ ಬೆರಳದ್ದಿ
ದಾರಿ ಬರೆದ.
"ತಿರುವಲ್ಲಿ ಒಳಕ್ಕೆ ನುಗ್ಗಬ್ಯಾಡ.
ಹತ್ರ ಕಾಣ್ತದೆ, ಕಡಿದು ಅದು, ಎದೆ ಒಡೀತದೆ.
ಹೊರಗಿನ ಅಂಚು ಹಿಡಿ. ಸುತ್ತಾಯ್ತದೆ. ಆಗ್ಲಿ."
ಇಳಿಯುವಾಗ? ಅಂದೆ.
"ಬ್ರೇಕಿನ ಗಟ್ಟೆ ಹೊಗೆ ಹಾಕೋದು.
ಹೊಂಗೆ ಕೊಂಬೆ ಮುರ್ದು ಹಿಂದಕ್ಕೆ ಕಟ್ಟಿ
ಎಳ್ಕಂಡು ಇಳೀತಿದ್ದೆ, ರಸ್ತೆ ಗುಡಿಸ್ಕಂಡು."
ನಕ್ಕ. ಪಂಚೆಯ ಕೆಳಗೆ ಆ ಕಾಲುಗಳು
ಬಿಲ್ಲಿನಂತೆ ಹೊರಬಾಗಿದ್ದವು.
ಚಿತ್ರ ತೆಗೆಯದೆಯೇ ಕೀಲು ಕಂಡಿತು ನನಗೆ.
ಅವನು ಕೇಳಲಿಲ್ಲ. ನಾನು ಹೇಳಲಿಲ್ಲ.

ಮೊದಲ ತಿರುವು. ಲಂಟಾನದ ಪೊದೆ, ಕೋತಿ,
ಯಾರೋ ಎಸೆದ ಒಂಟಿ ಚಪ್ಪಲಿ.
ಜೇಬಲ್ಲಿ ಬೀಗದ ಕೈಗೆ ಐದರ ನಾಣ್ಯ ತಾಗಿ
ಟಿಣ್.
ಎರಡನೆಯದು. ಟಿಣ್.
ಬೆವರು ಹುಬ್ಬಿನಿಂದ ಹ್ಯಾಂಡಲ್ಲಿಗೆ, ಹ್ಯಾಂಡಲ್ಲಿನಿಂದ ಟಾರಿಗೆ.
ಮೂರನೆಯದರಲ್ಲಿ ಹೊರಗಿನ ಅಂಚು ಹಿಡಿದೆ,
ಎದುರಿಗೆ ಕೆಂಪು ಬಸ್ಸು.

ಕಾಲು ಊರಿದೆ.
"ಸಾಯಾಕೆ ಬೇರೆ ಜಾಗ ಸಿಗ್ನಿಲ್ವಾ?" ಡ್ರೈವರು.
ಮಂಚಯ್ಯನ ಕಾಲಕ್ಕೆ ಬಸ್ಸು ದಿನಕ್ಕೆ ಎರಡಿದ್ದಿರಬೇಕು.
ಏರಿನ ನಡುವೆ ನಿಂತ ಸೈಕಲ್ಲನ್ನು ಮತ್ತೆ ಹತ್ತುವುದು
ಬೆಟ್ಟ ಹತ್ತುವುದಕ್ಕಿಂತ ಕಷ್ಟ.
ಮೂರು ಸಲ ಪೆಡಲು ತಪ್ಪಿತು.
ನಾಲ್ಕನೇ ಸಲ ಗಲಗಲ, ಗಲಗಲ,
ಬಹಳ ಹೊತ್ತಿನ ಮೇಲೆ, ಟಿಣ್.

ಮೇಲೆ ಹೋಗಿ ಎಲೆಯಲ್ಲಿ ಪುಳಿಯೋಗರೆ ತಿಂದೆ,
ಇನ್ನೊಂದು ಎಲೆಯನ್ನೂ.

ವಾಪಸು ಬಂದಾಗ ಬೆಂಚು ಖಾಲಿ.
ಟೀಯ ದಾರಿ ಒಣಗಿ ಅಂಟಂಟಾಗಿತ್ತು,
ಅದರ ಮೇಲೆ ಇರುವೆ ಸಾಲು ಹತ್ತುತ್ತಿತ್ತು.
ಬಗ್ಗಿ ನೋಡಿದೆ:
ಮೂರನೇ ತಿರುವಲ್ಲಿ ಎಲ್ಲವೂ
ಒಳಗಿನಿಂದಲೇ ನುಗ್ಗುತ್ತಿದ್ದವು.